ಮೂರನೆಯ ಕೊಳವೆ

ನಾತ ಬರುತ್ತಿದೆ ಎಂದರೆ ಮುಖ ಅರಳಿಸುವ ಮನುಷ್ಯನನ್ನು ಲಾಂಡ್ರಿ ಅಕ್ಕ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಆ ಮನುಷ್ಯ ಅಂಗಡಿಯ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ನೆಲಕ್ಕೆ ಹೂತ ಎರಡನೆಯ ಕೊಳವೆಯ ಮುಚ್ಚಳ ತೆಗೆದು, ಮಸಿಯಂಥ ನೀರನ್ನು ಬಾಟಲಿಗೆ ಎಳೆದುಕೊಂಡ. ಕೊಳೆತ ಮೊಟ್ಟೆಯ ವಾಸನೆ ಕಿಟಕಿ ದಾಟಿ ಇಸ್ತ್ರಿ ಮೇಜಿನವರೆಗೂ ಬಂತು.

"ನಾರ್ತಾ ಇದೆ ಅಲ್ವಾ ಅಕ್ಕಾ? ಒಳ್ಳೇದಾಯ್ತು!" ಎಂದು ಅವನು ಹಲ್ಲು ಕಿರಿದ.

ಅಕ್ಕನಿಗೆ ಮೈ ಉರಿಯಿತು. ಬಟ್ಟೆಯ ನಾತ ತೆಗೆಯುವುದೇ ಅವಳ ಹೊಟ್ಟೆಪಾಡು. ಊರವರ ಬೆವರು, ಕಂಕುಳ ಕಲೆ, ಮಕ್ಕಳ ವಾಂತಿ, ಎಲ್ಲವನ್ನೂ ಹೇಳಹೆಸರಿಲ್ಲದಂತೆ ಮಾಡಿ, ಗರಿಗರಿ ಇಸ್ತ್ರಿ ಹಾಕಿ ಕೊಡುವವಳು ಅವಳು. ನಾತ ಕಂಡು ನಗುವವನು ಒಂದೋ ಹುಚ್ಚನಾಗಿರಬೇಕು, ಇಲ್ಲವೇ ಕಳ್ಳನಾಗಿರಬೇಕು. ಹುಚ್ಚನಾಗಿದ್ದರೆ ನೀರು ಪರೀಕ್ಷೆಯ ಸರ್ಕಾರಿ ಕಚೇರಿಯವರು ವ್ಯಾನು ಕೊಟ್ಟು ಕಳಿಸುತ್ತಿರಲಿಲ್ಲ. ಹಾಗಾಗಿ ಅವನು ಕಳ್ಳನೇ ಎಂದು ಅವಳು ತೀರ್ಮಾನಿಸಿ ಬಹಳ ದಿನವಾಗಿತ್ತು.

ಬೀದಿಯ ಕಥೆ ಇಷ್ಟೇ. ಅಲ್ಲಿನ ಬಾವಿ, ಬೋರ್‌ವೆಲ್‌ಗಳ ನೀರನ್ನು ಕಚೇರಿಯವರು ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಡ್ರೈ ಕ್ಲೀನಿಂಗ್ ದ್ರಾವಣ ಸಿಕ್ಕಿತ್ತು. ಕುಡಿಯಬೇಡಿ, ಅಡುಗೆಗೆ ಬಳಸಬೇಡಿ ಎಂದು ಮನೆ ಮನೆಗೂ ಹೇಳಿ ಹೋದರು. ಅಂದಿನಿಂದ ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುವುದು, ಬರದಿದ್ದರೆ ಲಾಂಡ್ರಿಯ ಕಡೆ ನೋಡಿ ಹಲ್ಲು ಕಡಿಯುವುದು ಬೀದಿಯವರ ದಿನಚರಿಯಾಯಿತು. ಆ ಬೀದಿಯಲ್ಲಿ ಡ್ರೈ ಕ್ಲೀನಿಂಗ್ ಮಾಡಿದ್ದು ಒಂದೇ ಅಂಗಡಿ. ಅಕ್ಕನ ಮಾವ ಕಟ್ಟಿದ ಅಂಗಡಿ ಅದು. ಹಳೆಯ ಮಷೀನಿನ ಅಡಿಯಲ್ಲಿ ಉಳಿದ ಗಸಿಯನ್ನು ಅವರ ಕಾಲದಲ್ಲಿ ಎಲ್ಲಿ ಚೆಲ್ಲುತ್ತಿದ್ದರು ಎಂದು ಯಾರೂ ಕೇಳಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಆ ಮಷೀನು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಅದು ಬಿಟ್ಟುಹೋದದ್ದು ಮಾತ್ರ ನೆಲದಡಿಯಲ್ಲಿ ಮೆಲ್ಲಗೆ ಹರಿಯುತ್ತಲೇ ಇತ್ತು.

ಆಮೇಲೆ ಈ ಮನುಷ್ಯ ಬಂದ. ಹಿತ್ತಲಿನಿಂದ ಬೀದಿಯ ತುದಿಯವರೆಗೆ ಐದು ಕಡೆ ತೂತು ಕೊರೆದು ಕೊಳವೆ ಇಳಿಸಿದ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಕಾಕಂಬಿಯನ್ನು ಡ್ರಮ್ಮುಗಟ್ಟಲೆ ತಂದು ನೀರಿಗೆ ಕಲಸಿ ಆ ಕೊಳವೆಗಳಿಗೆ ಸುರಿದ. ನೆಲದೊಳಗೆ ಕಣ್ಣಿಗೆ ಕಾಣದ ಜೀವಿಗಳಿವೆಯಂತೆ, ಆ ವಿಷವನ್ನು ಒಡೆದು ಹಾಕುವ ಶಕ್ತಿ ಅವಕ್ಕಿದೆಯಂತೆ. ಆದರೆ ಪಾಪ, ಹೊಟ್ಟೆಗಿಲ್ಲದೆ ಸೊರಗಿವೆಯಂತೆ. ಕಾಕಂಬಿ ತಿನ್ನಿಸಿದರೆ ಚೇತರಿಸಿಕೊಂಡು ಕೆಲಸಕ್ಕೆ ಬರುತ್ತವಂತೆ. ಬೀದಿಯವರು ಇದನ್ನು ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಜೀವಿಗಳಿಗೆ ಹುಳ ಎಂದೂ, ಅವನಿಗೆ ಕಾಕಂಬಿ ಎಂದೂ ಹೆಸರಿಟ್ಟರು.

"ಮನುಷ್ಯರಿಗೆ ನೀರಿಲ್ಲ, ಹುಳಕ್ಕೆ ಕಾಕಂಬಿ!" ಎಂದು ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕುತ್ತ ಅಕ್ಕ ದಿನಾ ಹೇಳುತ್ತಿದ್ದಳು. "ಇವನು ಮೋಸಗಾರ, ಮಾವ. ಬರೆದಿಟ್ಟುಕೊಳ್ಳಿ. ಇದ್ದ ನೀರನ್ನೂ ಕೆಡಿಸಿ, ಆಗ್ಲಿಲ್ಲ ಅಂತ ಕೈ ಝಾಡಿಸಿ, ನಮ್ಮ ಅಂಗಡಿ ಒಡೆಸೋಕೇ ಬಂದಿರೋದು."

ಆ ಮಾತು ಸುಮ್ಮನೆ ಬಾಯಿಗೆ ಬಂದಂತೆ ಆಡಿದ್ದಲ್ಲ. ಕಚೇರಿಯವರು ಮುಖಕ್ಕೆ ಹೊಡೆದಂತೆ ಹೇಳಿದ್ದರು: ಹಿತ್ತಲಿನ ಕೊಳವೆಗಳು ದಾರಿಗೆ ಬಂದರೆ ಸರಿ, ಇಲ್ಲವಾದರೆ ಅಂಗಡಿ ಕೆಡವಿ, ಅದರಡಿಯ ನೆಲ ಬಗೆದು, ಮಣ್ಣನ್ನೆಲ್ಲ ಲಾರಿಯಲ್ಲಿ ಸಾಗಿಸುತ್ತೇವೆ. ಗಂಡ ಊರೂರು ಸುತ್ತಿ ಸರಕಿನ ವ್ಯಾನು ಓಡಿಸುವವನು, ತಿಂಗಳಿಗೊಮ್ಮೆ ಮನೆಗೆ ಬಂದರೆ ಹೆಚ್ಚು. ಅಂಗಡಿಯೇ ಅವಳ ಮನೆ, ಅಂಗಡಿಯೇ ಅವಳ ಅನ್ನ. ಅದು ಹೋದರೆ ಅವಳು ಯಾರೋ ಕಟ್ಟಿಸಿದ ದೊಡ್ಡ ಲಾಂಡ್ರಿಯಲ್ಲಿ ಕೂಲಿಗೆ ನಿಲ್ಲಬೇಕಿತ್ತು.

ಮಾವ ಮೂಲೆಯ ಸ್ಟೂಲಿನ ಮೇಲೆ ಕೂತು ಬಟ್ಟೆಗಳಿಗೆ ಗುರುತಿನ ಚೀಟಿ ಕಟ್ಟುತ್ತಿದ್ದರು. ವಯಸ್ಸಾದ ಮೇಲೆ ಅವರಿಗೆ ಉಳಿದ ಕೆಲಸ ಅದೊಂದೇ. ಬಿಳಿ ದಾರವನ್ನು ಎಡಗೈ ಹೆಬ್ಬೆರಳಿಗೆ ಸುತ್ತಿ, ಒಳಗಿನಿಂದ ಹೊರಗೆ ತಂದು, ಜೋಡಿ ಕುಣಿಕೆ ಮಾಡಿ ಒಂದು ಗಂಟು ಹಾಕುತ್ತಿದ್ದರು. ಮಷೀನಿನಲ್ಲಿ ಎಷ್ಟು ಗಿರಗಿರ ತಿರುಗಿದರೂ ಅದು ಬಿಚ್ಚದು. ಗಿರಾಕಿ ಬಂದಾಗ ಒಂದು ತುದಿ ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಮದುವೆಯಾಗಿ ಬಂದಾಗಿನಿಂದ ಅಕ್ಕ ಅದನ್ನು ಕಲಿಯಲು ಹೆಣಗಿದ್ದಳು. ಅವಳು ಹಾಕಿದರೆ ಒಂದೋ ನೀರಲ್ಲೇ ಬಿಚ್ಚುತ್ತಿತ್ತು, ಇಲ್ಲವೇ ಕತ್ತರಿಸದೆ ಬಿಡಿಸಲಾಗದ ಕಗ್ಗಂಟಾಗುತ್ತಿತ್ತು. ಕೊನೆಗೆ ಸೇಫ್ಟಿ ಪಿನ್ನಿಗೆ ಶರಣಾಗಿದ್ದಳು. ಪಿನ್ನು ಕಂಡಾಗಲೆಲ್ಲ ಮಾವ ಮೂಗು ಮುರಿಯುತ್ತಿದ್ದರು.

"ಆ ಹುಳ ಬಟ್ಟೆಗೆ ಹತ್ತುತ್ತೇನಮ್ಮಾ?" ಎಂದು ಅವರು ಒಂದು ದಿನ ತಲೆ ಎತ್ತದೆ ಕೇಳಿದ್ದರು.

"ಯಾರಿಗೆ ಗೊತ್ತು ಮಾವ. ಅವನು ಇಲ್ಲ ಅಂತಾನೆ. ಅವನ ಮಾತು ನಂಬೋರು ಯಾರು?" ಎಂದು ಅಕ್ಕ ಅಂದಿದ್ದಳು. ಅಂದವಳು ಅದನ್ನು ಮರೆತೂ ಬಿಟ್ಟಿದ್ದಳು.

ಒಂದು ಸಮಾಧಾನವಿತ್ತು. ಮಿಕ್ಕ ನಾಲ್ಕು ಕೊಳವೆ ಗಬ್ಬು ನಾರುತ್ತಿದ್ದರೂ ಅಂಗಡಿಯ ಗೋಡೆಗೆ ಅಂಟಿಕೊಂಡಂತಿದ್ದ ಮೂರನೆಯದು ನಾರುತ್ತಿರಲಿಲ್ಲ. ಮೊದಲು ಸ್ವಲ್ಪ ನಾತ ಎದ್ದಿತ್ತು, ಆಮೇಲೆ ತಾನಾಗಿ ಅಡಗಿತ್ತು. ಅಕ್ಕ ಇದನ್ನು ಬೀದಿಯ ತುಂಬ ಹೇಳಿಕೊಂಡು ಬಂದಳು. "ನೋಡ್ರಪ್ಪ, ನಮ್ಮ ಗೋಡೆ ಪಕ್ಕದ ನೀರು ಕನ್ನಡಿ ಇದ್ದಂಗಿದೆ. ವಿಷ ನಮ್ಮದಾಗಿದ್ರೆ ಮೊದಲು ಕೊಳೀಬೇಕಾದ್ದು ಇದೇ ಅಲ್ವಾ?" ಕೇಳಿದವರಿಗೂ ಇರಬಹುದೇನೋ ಅನ್ನಿಸತೊಡಗಿತ್ತು.

ಆದರೆ ಈ ಸಲ ಕಾಕಂಬಿ ಮೂರನೆಯ ಕೊಳವೆಯ ಮುಚ್ಚಳ ತೆಗೆದವನು ನಗಲಿಲ್ಲ. ನೀರನ್ನು ಬೆಳಕಿಗೆ ಹಿಡಿದ. ಮೀಟರಿನ ವೈರನ್ನು ಇಳಿಸಿ ನೋಡಿದ, ಒರೆಸಿ ಮತ್ತೆ ಇಳಿಸಿದ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಅಕ್ಕನ ಕಡೆ ತಿರುಗಿದಾಗ ಅವನ ಹುಬ್ಬು ಗಂಟಿಕ್ಕಿತ್ತು.

"ಅಕ್ಕಾ, ಇದಕ್ಕೆ ಯಾರಾದ್ರೂ ಏನಾದ್ರೂ ಹಾಕ್ತಿದ್ದಾರಾ?"

"ಏನು ಹಾಕ್ತಾರೆ? ನೀವು ಹಾಕೋ ಕಾಕಂಬಿ ಸಾಲ್ದಾ?"

"ಜೀವಿಗಳು ಕೆಲಸ ಮಾಡ್ತಿದ್ರೆ ನಾತ ಬರಬೇಕು. ಇದರಲ್ಲಿ ನಮ್ಮ ಜೀವಿ ಒಂದೂ ಉಳಿದಿಲ್ಲ. ವಿಷ ಇದ್ದ ಹಾಗೇ ಇದೆ. ಯಾರೋ ಏನೋ ಸುರೀತಿದ್ದಾರೆ." ಅವನು ದನಿ ತಗ್ಗಿಸಿದ. "ವಿಷ ಎಲ್ಲದಕ್ಕಿಂತ ಜಾಸ್ತಿ ಇರೋದೇ ಇಲ್ಲಿ ಅಕ್ಕಾ. ಇದು ಸರಿಹೋಗದಿದ್ರೆ ಮುಂದಿನ ಪರೀಕ್ಷೆ ಆದ್ಮೇಲೆ ನನ್ನ ಕೈಯಲ್ಲಿ ಏನೂ ಇರಲ್ಲ."

ಅವನು ಹೇಳಿದ್ದಕ್ಕಿಂತ ಹೆಚ್ಚಾಗಿ ಅವನು ನೋಡಿದ ರೀತಿ ಅವಳನ್ನು ಚುಚ್ಚಿತು. ಕಪಾಟಿನಲ್ಲಿ ಸಾಲಾಗಿ ನಿಂತ ಸೋಪಿನ ಡಬ್ಬ, ಬ್ಲೀಚಿನ ಕ್ಯಾನು, ಕಲೆ ತೆಗೆಯುವ ಸೀಸೆಗಳ ಮೇಲೆ ಅವನ ಕಣ್ಣು ಹರಿದಾಡಿತ್ತು. ನಾನು ಇವನನ್ನು ಕಳ್ಳ ಅಂದುಕೊಂಡರೆ ಇವನು ನನ್ನನ್ನೇ ಕಳ್ಳಿ ಅಂದುಕೊಂಡಿದ್ದಾನಲ್ಲ ಎಂದು ಅವಳಿಗೆ ರೇಗಿತು. ತನ್ನ ಅಂಗಡಿಯನ್ನು ತಾನೇ ಒಡೆಸಿಕೊಳ್ಳಲು ತನಗೇನು ತಲೆ ಕೆಟ್ಟಿದೆಯೇ?

ಆದರೂ ಆ ಮಾತು ತಲೆಗೆ ಹುಳ ಬಿಟ್ಟಿತ್ತು. ಯಾರಾದರೂ ಸುರಿಯುತ್ತಿದ್ದರೆ ಯಾರು? ಮೊದಲ ಅನುಮಾನ ಕಾಕಂಬಿಯ ಮೇಲೆಯೇ. ತಾನೇ ಸುರಿದು ತಾನೇ ಕಂಡುಹಿಡಿದಂತೆ ನಾಟಕ ಆಡುವವರಿಗೇನು ಬರವೇ? ಎರಡನೆಯ ಅನುಮಾನ ಎದುರಿನ ದರ್ಜಿಯ ಮೇಲೆ. ಈ ಜಾಗ ಕೊಡ್ತೀರಾ ಎಂದು ಅವನು ಹಿಂದೊಮ್ಮೆ ಕೇಳಿ ಬೈಸಿಕೊಂಡಿದ್ದ. ಅವನ ಮನೆಯ ಬಾವಿಯೂ ಕೆಟ್ಟಿತ್ತು. ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡು ಮೇಲೆ ಅಕ್ಕಾ ಅಕ್ಕಾ ಎನ್ನುವ ಜಾತಿ ಅದು ಎಂದು ಅವಳ ಎಣಿಕೆ.

ಅಕ್ಕ ಇಸ್ತ್ರಿ ಮೇಜನ್ನು ಕಿಟಕಿಗೆ ಎಳೆದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದಳು. ಎರಡು ಅಂಗಿಯ ಕಾಲರು ಸುಟ್ಟವು, ಗಿರಾಕಿಗಳು ಗೊಣಗಿದರು. ಆದರೆ ಮೂರನೆಯ ದಿನ ಬೆಳಿಗ್ಗೆ ಹಿತ್ತಲ ಗೇಟು ಕಿರ್ ಎಂದಿತು. ದರ್ಜಿ ಆಚೆ ಈಚೆ ನೋಡುತ್ತ ಒಳಗೆ ಬಂದು ಮೂರನೆಯ ಕೊಳವೆಯ ಮೇಲೆ ಬಗ್ಗಿದ. ಅಕ್ಕ ಹಿಂಬಾಗಿಲಿನಿಂದ ಬಾಣದಂತೆ ನುಗ್ಗಿದಳು.

"ಸಿಕ್ಕಿಬಿದ್ರಾ? ಏನು ತಂದಿದ್ದೀರಾ, ತೋರಿಸಿ ಕೈ!"

ದರ್ಜಿ ಬೆಚ್ಚಿ ಕುಂಡೆಯೂರಿ ಕೂತುಬಿಟ್ಟ. ಅವನ ಕೈ ಖಾಲಿ. ಕೊರಳಲ್ಲಿ ಅಳತೆ ಪಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಮೂಸೋಕೆ ಬಂದೆ ಅಕ್ಕಾ! ನಿಮ್ಮದು ನಾರಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರ್ತೀರಲ್ಲ, ನಿಜಾನಾ ಸುಳ್ಳಾ ಅಂತ ನೋಡೋಣ ಅಂತ. ನನ್ನ ಬಾವಿಗೆ ನೀರು ಹೋಗೋದು ಇಲ್ಲಿಂದಾನೇ. ನಂಗೂ ಮನೆ ಮಕ್ಕಳಿಲ್ವಾ?"

ಅಕ್ಕ ಅವನನ್ನು ಬೈದು ಅಟ್ಟಿದಳು, ಆದರೆ ಮನಸ್ಸು ಒಪ್ಪಲಿಲ್ಲ. ಕಾದು ಕೂತರೆ ಆಗುವ ಕೆಲಸವಲ್ಲ ಎಂದು ಗೊತ್ತಾಯಿತು. ಮಧ್ಯಾಹ್ನ ಅವಳು ಮನೆ ಮನೆಗೆ ಬಟ್ಟೆ ತಲುಪಿಸಲು ಹೋಗಲೇಬೇಕು. ಆ ಹೊತ್ತಿನಲ್ಲಿ ಹಿತ್ತಲು ದಿಕ್ಕಿಲ್ಲದೆ ಬಿದ್ದಿರುತ್ತದೆ. ಅಂಗಡಿಯಲ್ಲಿ ಮಾವ ಇದ್ದರೂ ಅವರು ತೂಕಡಿಸುವ ಹೊತ್ತದು. ಅವಳು ಚೀಟಿ ಕಟ್ಟುವ ಬಿಳಿ ದಾರ ತಂದು, ಮುಚ್ಚಳದ ಕಿವಿಗೂ ಕೊಳವೆಯ ಬಳೆಗೂ ಸೇರಿಸಿ ತನ್ನ ಕಗ್ಗಂಟೊಂದನ್ನು ಬಿಗಿದಳು. ಮುಚ್ಚಳ ತೆಗೆಯಬೇಕಾದರೆ ಅದನ್ನು ಕತ್ತರಿಸಲೇಬೇಕು. ಕಾಕಂಬಿಯೇ ಆಗಲಿ ದರ್ಜಿಯೇ ಆಗಲಿ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ ಎಂದುಕೊಂಡು ಬಟ್ಟೆಯ ಗಂಟು ಹೊತ್ತು ಹೊರಟಳು.

ತಿರುಗಿ ಬಂದವಳು ಚಪ್ಪಲಿ ಕೂಡ ಬಿಡದೆ ಹಿತ್ತಲಿಗೆ ಓಡಿದಳು. ದಾರ ಇತ್ತು. ಉಸ್ಸಪ್ಪಾ ಎಂದು ಎದ್ದು ಹೊರಟವಳು ಅರ್ಧ ದಾರಿಯಲ್ಲಿ ನಿಂತಳು. ಮತ್ತೆ ಬಂದು ಬಗ್ಗಿ ನೋಡಿದಳು. ಅವಳು ಬಿಗಿದಿದ್ದ ಕಗ್ಗಂಟು ಅಲ್ಲಿರಲಿಲ್ಲ. ಯಾರೋ ಅದನ್ನು ಕತ್ತರಿಸಿ, ಹೊಸ ದಾರ ಏರಿಸಿ, ಓರಣವಾಗಿ ಕಟ್ಟಿಟ್ಟಿದ್ದರು. ಅವಳು ಒಂದು ತುದಿ ಹಿಡಿದು ಎಳೆದಳು. ಜೋಡಿ ಕುಣಿಕೆ ಸಲೀಸಾಗಿ ಬಿಚ್ಚಿಕೊಂಡಿತು.

ಆ ಗಂಟು ಹಾಕಬಲ್ಲ ಕೈ ಲೋಕದಲ್ಲಿ ಒಂದೇ ಇತ್ತು, ಅದು ಒಳಗೆ ಸ್ಟೂಲಿನ ಮೇಲೆ ಯಾರದೋ ಪ್ಯಾಂಟಿಗೆ ಚೀಟಿ ಕಟ್ಟುತ್ತಿತ್ತು.

ಅವಳು ಒಳಗೆ ಹೋಗಿ ದಾರವನ್ನು ಅವರ ಮಡಿಲಿಗೆ ಹಾಕಿದಳು. ಮಾವ ಅದನ್ನು ನೋಡಿದರು. ಅವರ ಮುಖದಲ್ಲಿ ಮೊದಲು ಕಂಡದ್ದು ತಾವು ಮೋಸ ಹೋದ ಅಚ್ಚರಿ.

"ನೀನು ಕಟ್ಟಿದ್ದಾ ಅದು? ನಾನು ಆ ಕಾಕಂಬಿಯವನು ಅಂದ್ಕೊಂಡೆ. ಎಂಥಾ ಹರಕು ಗಂಟು. ನೋಡೋಕಾಗ್ದೆ ಕೈ ತಾನಾಗೇ ಹಾಕಿಬಿಡ್ತು."

"ಮಾವ, ನೀವೇನು ಸುರೀತಿದ್ರಿ ಅದರೊಳಗೆ?"

"ಇನ್ನೇನು ಸುರೀತಾರೆ? ಬ್ಲೀಚು." ಅವರು ಅದನ್ನು ಉಪ್ಪು ಎಂದಷ್ಟು ಸಲೀಸಾಗಿ ಹೇಳಿದರು. "ನಾತ ಬಂದ್ರೆ ಬ್ಲೀಚು. ಹುಳ ಬಿದ್ರೆ ಬ್ಲೀಚು. ಈ ಕಸುಬಲ್ಲಿ ನನಗೆ ಗೊತ್ತಿರೋದು ಅಷ್ಟೇ ಅಮ್ಮಾ. ನೋಡು, ಅದೊಂದು ಕೊಳವೆ ಎಷ್ಟು ಶುದ್ಧವಾಗಿದೆ."

"ಅವನು ಬೇಡ ಅಂದಿದ್ದ, ಯಾರೂ ಮುಟ್ಟಬೇಡಿ ಅಂದಿದ್ದ. ಯಾಕೆ ಮಾವ?"

ಮಾವ ಅವಳನ್ನು ದಿಟ್ಟಿಸಿ ನೋಡಿದರು. ಆ ನೋಟದಲ್ಲಿ ಕಪಟ ಇರಲಿಲ್ಲ, ಅದೇ ಅವಳಿಗೆ ತಡೆಯಲಾಗದ್ದು.

"ನೀನೇ ತಾನೇ ದಿನಾ ಹೇಳ್ತಿದ್ದದ್ದು? ಅವನು ಮೋಸಗಾರ, ನಮ್ಮ ಅಂಗಡಿ ಒಡೆಸೋಕೆ ಬಂದಿದ್ದಾನೆ, ಅವನನ್ನ ನಂಬೋರು ಯಾರು ಅಂತ. ಈ ಅಂಗಡಿ ಹೋದ್ರೆ ನಿನಗೆ ಏನು ಗತಿ? ನಾನು ಚೆಲ್ಲಿದ್ದು ನೆಲದಲ್ಲಿದೆ, ನನಗೆ ಗೊತ್ತಿಲ್ವಾ? ಬದುಕಿರೋವಾಗಲೇ ತೊಳೆದು ಹೋಗೋಣ ಅಂತ..." ಅವರು ಪ್ಯಾಂಟನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಇಸ್ತ್ರಿ ಪೆಟ್ಟಿಗೆಯ ಹಬೆಯ ಜೊತೆ ತಾನು ದಿನವೂ ಬಿಟ್ಟ ಮಾತುಗಳು ಎಲ್ಲಿ ಹೋಗುತ್ತವೆ ಎಂದು ಅವಳು ಯೋಚಿಸಿರಲೇ ಇಲ್ಲ. ಊರಿನ ಮೇಲೆಲ್ಲ ಅನುಮಾನ ಪಟ್ಟವಳು ತನ್ನ ನಾಲಿಗೆಯನ್ನೊಂದು ಬಿಟ್ಟಿದ್ದಳು.

ಮರುವಾರ ಕಾಕಂಬಿ ಬಂದಾಗ ಅವಳು ಅವನನ್ನು ಹಿತ್ತಲಲ್ಲೇ ಅಡ್ಡಗಟ್ಟಿದಳು. ರಾತ್ರಿಯೆಲ್ಲ ಹೊರಳಾಡಿ ಜೋಡಿಸಿಟ್ಟ ಮಾತು ಒಂದೇ ಉಸಿರಿಗೆ ಹೊರಬಂತು.

"ಸಾರ್, ಆ ಕೊಳವೆಗೆ ಬ್ಲೀಚು ಹಾಕಿದ್ದು ನಾನೇ. ಏನು ಮಾಡ್ತೀರೋ ನನಗೆ ಮಾಡಿ."

ಕಾಕಂಬಿ ಕೈಯಲ್ಲಿದ್ದ ಪಂಪನ್ನು ಕೆಳಗಿಟ್ಟ. ಅವನ ಕಿವಿ ಕೆಂಪಾಯಿತು. "ಏನಕ್ಕಾ ನೀವು! ಎಷ್ಟು ಕೇಳಿದೆ ನಾನು ನಿಮ್ಮನ್ನ! ಅವು ಗಾಳಿ ಸೋಕಿದ್ರೇ ತಾಳಲ್ಲ, ಬ್ಲೀಚು ಬಿದ್ರೆ ಬದುಕ್ತಾವಾ? ಎಷ್ಟು ಹಾಕಿದ್ರಿ? ಸರಿಯಾಗಿ ಹೇಳಿ, ಅದರ ಮೇಲೆ ನಾನು ಮುಂದಿನದು ನೋಡಬೇಕು."

ಅಕ್ಕ ತಡವರಿಸಿದಳು. ಆ ಪ್ರಶ್ನೆಗೆ ಅವಳು ಉತ್ತರ ಜೋಡಿಸಿಟ್ಟಿರಲಿಲ್ಲ. "ಎಷ್ಟು ಅಂದ್ರೆ... ಒಂದು ಕ್ಯಾನು. ಒಂದೇ ಸಲ ಸುರಿದುಬಿಟ್ಟೆ."

"ಕ್ಯಾನಂತೆ, ಕ್ಯಾನು!" ಹಿಂಬಾಗಿಲಿನಿಂದ ಗುಡುಗಿದ ದನಿಗೆ ಇಬ್ಬರೂ ತಿರುಗಿದರು. ಮಾವ ಚೌಕಟ್ಟು ಹಿಡಿದು ನಿಂತಿದ್ದರು, ಮುಖ ಕೆಂಡವಾಗಿತ್ತು. "ಇಡೀ ಕ್ಯಾನು ಸುರಿಯೋಕೆ ನಾನೇನು ನಿನ್ನೆ ಮೊನ್ನೆ ಅಂಗಡಿ ಇಟ್ಟವನಾ? ಒಂದು ಬಕೆಟ್ ನೀರಿಗೆ ಎರಡು ಮುಚ್ಚಳ! ಬಿಳಿ ಬಟ್ಟೆ ಲೆಕ್ಕ! ದಿನಕ್ಕೊಂದು ಬಕೆಟ್ಟು, ಇವಳು ಬಟ್ಟೆ ಕೊಡೋಕೆ ಹೋದಾಗ!"

ಹೇಳಿ ಮುಗಿಸಿದ ಮೇಲೆ ತಾವು ಏನು ಹೇಳಿದೆವು ಎಂಬುದು ಅವರ ಅರಿವಿಗೆ ಬಂತು. ಚೌಕಟ್ಟಿನ ಮೇಲಿದ್ದ ಕೈ ಕೆಳಗಿಳಿಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಕಾಕಂಬಿ ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡಿದ. "ತಾತಾ, ನಾನು ಇದನ್ನ ಕಚೇರಿಗೆ ಹೇಳಲೇಬೇಕು, ಮುಚ್ಚಿಡೋಕಾಗಲ್ಲ," ಎಂದ. "ಮತ್ತೆ ಒಂದು ಸಲ ಕಾಕಂಬಿ ಹಾಕ್ತೀನಿ, ನಾರ್ತಿರೋ ಕೊಳವೆಯಿಂದ ಜೀವಿಗಳನ್ನ ತಂದು ಇದಕ್ಕೆ ಬಿಡ್ತೀನಿ. ಒಂದು ಸಲ ಅಷ್ಟೇ. ಪರೀಕ್ಷೆ ದಿನದ ಹೊತ್ತಿಗೆ ಇದು ನಾರದಿದ್ರೆ ಅಂಗಡಿ ಉಳಿಯಲ್ಲ."

ಅಂದೇ ಸಂಜೆ ಅಕ್ಕ ಬ್ಲೀಚಿನ ಕ್ಯಾನುಗಳನ್ನೆಲ್ಲ ಕಬ್ಬಿಣದ ಕಪಾಟಿಗೆ ತುಂಬಿ ಬೀಗ ಹಾಕಿದಳು, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡಳು. ಮಾವ ಸ್ಟೂಲಿನ ಮೇಲಿಂದ ಎಲ್ಲವನ್ನೂ ನೋಡಿದರು. ಮರುದಿನದಿಂದ ಅವರು ಚೀಟಿ ಕಟ್ಟುವುದನ್ನು ನಿಲ್ಲಿಸಿದರು. ಬಟ್ಟೆಗಳ ರಾಶಿಯ ಮುಂದೆ ಕೈ ಕಟ್ಟಿ ಕೂರುತ್ತಿದ್ದರು. ಅಕ್ಕ ಪಿನ್ನು ಹಾಕುತ್ತಿದ್ದಳು, ಅವರು ಮೂಗು ಮುರಿಯುತ್ತಿರಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಆದರೂ ಅನುಮಾನ ಹಿಡಿದ ಮನಸ್ಸು ಸುಮ್ಮನಿರಬೇಕಲ್ಲ! ಬಟ್ಟೆ ತಲುಪಿಸಲು ಹೋದವಳು ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದಳು. ಮಾವ ಬಚ್ಚಲಿಗೆ ಹೋದರೆ ಬಕೆಟ್ಟಿನ ಸದ್ದಿಗೆ ಕಿವಿ ಕೊಡುತ್ತಿದ್ದಳು. ದಿನಕ್ಕೆ ಹತ್ತು ಸಲ ಮೂರನೆಯ ಕೊಳವೆಯ ಪಕ್ಕ ಬಗ್ಗಿ ಮೂಸುತ್ತಿದ್ದಳು. ಏನೂ ಇಲ್ಲ. ನಾತ ತೆಗೆಯಲು ಹುಟ್ಟಿದವಳು ಈಗ ನಾತ ಬಾರಪ್ಪಾ ಎಂದು ಒಳಗೊಳಗೇ ಬೇಡುತ್ತಿದ್ದಳು. ನೀರು ಮಾತ್ರ ಹಟ ಹಿಡಿದಂತೆ ತಿಳಿಯಾಗಿಯೇ ಇತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಶಟರು ಎತ್ತುತ್ತಿದ್ದಾಗ ಹಿತ್ತಲಿನಿಂದ ಮಾವನ ಕೂಗು ಕೇಳಿತು.

"ಅಮ್ಮಾ! ಬಾ ಇಲ್ಲಿ! ಬೇಗ!"

ಸ್ಟೂಲು ಖಾಲಿಯಾಗಿತ್ತು. ಅವಳ ಕೈ ಮೊದಲು ಹೋದದ್ದು ಕೊರಳ ಬೀಗದ ಕೈಗೆ. ಇತ್ತು. ಹಾಗಾದರೆ ಬೇರೆ ಎಲ್ಲಿಂದಲೋ ತಂದರೇ? ದರ್ಜಿಯ ಮನೆಯಿಂದ ಕೇಳಿ ತಂದರೇ? ಎಲ್ಲ ಮುಗಿಯಿತು ಎಂದುಕೊಂಡು ಅವಳು ಬಾಗಿಲಿಗೆ ಮೊಣಕೈ ಬಡಿಸಿಕೊಂಡು ಓಡಿದಳು.

ಮಾವ ಮೂರನೆಯ ಕೊಳವೆಯ ಪಕ್ಕ ನೆಲದ ಮೇಲೆ ಕೂತಿದ್ದರು. ಮುಚ್ಚಳವನ್ನು ಮುಟ್ಟಿರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದರು.

"ಮೂಸು," ಎಂದರು.

ಅವಳು ಬಗ್ಗುವ ಮೊದಲೇ ಅದು ಮೂಗಿಗೆ ಬಡಿಯಿತು. ಕೊಳೆತ ಮೊಟ್ಟೆ! ಮುಚ್ಚಳದ ಸಂದಿಯಿಂದ ಸುರುಳಿ ಸುರುಳಿಯಾಗಿ ಬರುತ್ತಿತ್ತು, ಮಿಕ್ಕ ನಾಲ್ಕೂ ನಾಚಬೇಕು ಅಂಥ ನಾತ. ಅಕ್ಕ ಅಲ್ಲೇ ಮಂಡಿಯೂರಿ ಗಟ್ಟಿಯಾಗಿ ನಕ್ಕಳು. ನಗುತ್ತ ನಗುತ್ತ ಅಳುವೂ ಬಂತು.

ಸ್ವಲ್ಪ ಹೊತ್ತಿನಲ್ಲಿ ಕಾಕಂಬಿಯೂ ಬಂದ. ಮೀಟರು ಇಳಿಸಿದ, ಕಪ್ಪು ನೀರನ್ನು ಬಾಟಲಿಗೆ ಎಳೆದ, ಎಂದಿನಂತೆ ಹಲ್ಲು ಕಿರಿದ. "ದಾರಿಗೆ ಬಂತು ಅಕ್ಕಾ. ವಿಷ ಕರಗೋಕೆ ಇನ್ನೂ ಟೈಮು ಬೇಕು. ಅಂಗಡಿ ತಂಟೆಗೆ ಮಾತ್ರ ಸದ್ಯಕ್ಕೆ ಯಾರೂ ಬರಲ್ಲ," ಎಂದ. ಅವನ ನಗುವಿನಲ್ಲಿ ಕಳ್ಳತನ ಎಲ್ಲಿ ಕಂಡಿತ್ತು ಎಂದು ಅಕ್ಕ ಎಷ್ಟು ಹುಡುಕಿದರೂ ಈ ಸಲ ಸಿಗಲಿಲ್ಲ.

ಅವನು ಹೋದ ಮೇಲೆ ಅವಳು ಕೊರಳ ದಾರ ಬಿಚ್ಚಿ ಬೀಗದ ಕೈಯನ್ನು ಮಾವನ ಮುಂದೆ ಹಿಡಿದಳು. "ತಗೊಳ್ಳಿ ಮಾವ. ನನ್ನದು ತಪ್ಪಾಯ್ತು."

ಮಾವ ಬೆನ್ನ ಹಿಂದಿನ ಕೈಗಳನ್ನು ಸಡಿಲಿಸಲೇ ಇಲ್ಲ.

"ನಿನ್ನ ಹತ್ರಾನೇ ಇರಲಿ," ಎಂದರು. "ಈ ನಾತ ಇದೆಯಲ್ಲ... ಬೆಳಿಗ್ಗೆಯಿಂದ ಈ ಕೈ ಹಿಡಿದು ಕೂರಿಸೋಕೆ ಎಷ್ಟು ಕಷ್ಟ ಆಗಿದೆ ಗೊತ್ತಾ? ಒಳಗೆ ಬಟ್ಟೆ ಎಷ್ಟಿದೆ, ತಾ ಇಲ್ಲಿಗೆ. ಅದರಲ್ಲಾದ್ರೂ ತೊಡಗಿರಲಿ."

ಅಕ್ಕ ರಾಶಿಯನ್ನೂ ದಾರದುಂಡೆಯನ್ನೂ ಹಿತ್ತಲಿಗೆ ಹೊತ್ತು ತಂದಳು. ಮಾವ ಅವಳ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಮೂಗು ಮುರಿದು, ಪಕ್ಕಕ್ಕೆ ಎಸೆದು, ಗಂಟು ಹಾಕತೊಡಗಿದರು. ಎದುರು ಮನೆಯಲ್ಲಿ ದರ್ಜಿ ಕಿಟಕಿ ಧಡಾರನೆ ಮುಚ್ಚಿಕೊಂಡ. ಆ ಬೆಳಿಗ್ಗೆ ಬೀದಿಯಲ್ಲಿ ಮೂಗು ಮುಚ್ಚಿಕೊಳ್ಳದೆ ಕೂತಿದ್ದವರು ಅವರಿಬ್ಬರೇ.